ಪದ ಕೂತ ಜಾಗ

ಕೆಲಸಕ್ಕೆ ಸೇರಿದ ಮೊದಲ ವರ್ಷ ಸಹೋದ್ಯೋಗಿಯೊಬ್ಬರಿಗೆ ಇಂಗ್ಲಿಷಿನಲ್ಲಿ ಒಂದೇ ಸಾಲಿನ ಇಮೇಲ್ ಕಳಿಸಿದ್ದೆ. ‘ಪ್ಲೀಸ್ ಡಿಲೀಟ್ ದಿ ಕಾಪೀಸ್ ಆಫ್ ದಿ ರಿಪೋರ್ಟ್ಸ್ ದಟ್ ಆರ್ ನಾಟ್ ಸೈನ್ಡ್.’ ಒಂದೊಂದು ರಿಪೋರ್ಟಿಗೂ ಎರಡು ಮೂರು ಪ್ರತಿಗಳಿದ್ದವು. ಅವುಗಳಲ್ಲಿ ಸಹಿ ಇಲ್ಲದ ಪ್ರತಿಗಳನ್ನು ತೆಗೆದುಹಾಕಿ ಅನ್ನುವುದು ನನ್ನ ಮನಸ್ಸಿನಲ್ಲಿದ್ದ ಮಾತು. ಅವರು ಓದಿಕೊಂಡದ್ದು ಬೇರೆ. ಯಾವ ರಿಪೋರ್ಟುಗಳಿಗೆ ಇನ್ನೂ ಸಹಿಯೇ ಬಿದ್ದಿಲ್ಲವೋ ಅವುಗಳ ಪ್ರತಿಗಳನ್ನೆಲ್ಲ ತೆಗೆಯಬೇಕು ಅಂತ ಅವರಿಗೆ ಅರ್ಥವಾಯಿತು. ಹಾಗೇ ಮಾಡಿದರು. ಸಹಿಗಾಗಿ ಕಾಯುತ್ತಿದ್ದ ಫೈಲುಗಳೆಲ್ಲ ಹೋದವು. ಬೇಡದ ಪ್ರತಿಗಳು ಇದ್ದ ಹಾಗೇ ಉಳಿದವು. ಬ್ಯಾಕಪ್‌ನಿಂದ ಎಲ್ಲವನ್ನೂ ವಾಪಸ್ ತರುವಷ್ಟರಲ್ಲಿ ಅರ್ಧ ದಿನ ಕಳೆದಿತ್ತು.

ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ತಪ್ಪು ಕಾಣಲಿಲ್ಲ. ಶಾಲೆಯಲ್ಲಿ ಕಲಿತ ಯಾವ ನಿಯಮವೂ ಮುರಿದಿರಲಿಲ್ಲ. ಕಾಲ ಸರಿ, ವಚನ ಸರಿ, ಕಾಗುಣಿತ ಸರಿ. ಮತ್ತೆ ಇನ್ನೇನು ಎಡವಟ್ಟಾಯಿತು?

ನಮ್ಮ ತಂಡದಲ್ಲಿ ಒಬ್ಬರು ಹಿರಿಯರಿದ್ದರು. ನಾವೆಲ್ಲ ಅವರನ್ನು ಮೇಡಂ ಅಂತಲೇ ಕರೆಯುತ್ತಿದ್ದೆವು. ಅವರು ನನ್ನ ಸಾಲನ್ನು ಒಂದು ಹಾಳೆಯ ಮೇಲೆ ಬರೆದು, ಪೆನ್ಸಿಲ್ ತುದಿಯನ್ನು ‘ದಟ್ ಆರ್ ನಾಟ್ ಸೈನ್ಡ್’ ಮೇಲೆ ಇಟ್ಟರು. “ಇದು ಯಾರ ಪಕ್ಕದಲ್ಲಿ ಕೂತಿದೆ ನೋಡಿ” ಅಂದರು. ‘ರಿಪೋರ್ಟ್ಸ್’ ಪಕ್ಕದಲ್ಲಿ ಕೂತಿತ್ತು. “ನೀವು ಯಾರ ಬಗ್ಗೆ ಹೇಳಬೇಕು ಅಂದುಕೊಂಡಿದ್ದಿರಿ?” ‘ಕಾಪೀಸ್’ ಬಗ್ಗೆ. ಅವರು ಆ ನಾಲ್ಕು ಪದ ತೆಗೆದು, ‘ಕಾಪೀಸ್’ ಮುಂದೆ ಒಂದೇ ಒಂದು ಪದ ಕೂರಿಸಿದರು. ‘ಪ್ಲೀಸ್ ಡಿಲೀಟ್ ದಿ ಅನ್‌ಸೈನ್ಡ್ ಕಾಪೀಸ್ ಆಫ್ ದಿ ರಿಪೋರ್ಟ್ಸ್.’ ಅಷ್ಟೇ. ಈಗ ಯಾರು ಓದಿದರೂ ಎರಡನೇ ಅರ್ಥ ಬರುವುದಿಲ್ಲ.

ಆ ದಿನದಿಂದ ಇಂಗ್ಲಿಷ್ ವ್ಯಾಕರಣವನ್ನು ನಾನು ನೋಡುವ ರೀತಿಯೇ ಬದಲಾಯಿತು. ನಮಗೆ ಅದನ್ನು ಕಲಿಸುವುದು ನಿಯಮಗಳ ಪಟ್ಟಿಯಾಗಿ. ಇದು ತಪ್ಪು, ಅದು ಸರಿ ಅಂತ. ಆದರೆ ಬರೆಯುವವರಿಗೆ ಮುಖ್ಯವಾದ ಸಂಗತಿ ಒಂದೇ. ಇಂಗ್ಲಿಷಿನಲ್ಲಿ ಒಂದು ಪದದ ಅರ್ಧ ಅರ್ಥ ಆ ಪದದಲ್ಲಿದೆ, ಉಳಿದರ್ಧ ಅದು ಕೂತ ಜಾಗದಲ್ಲಿದೆ. ಕನ್ನಡದಲ್ಲಿ ಹುಟ್ಟಿ ಬೆಳೆದ ಮನಸ್ಸಿಗೆ ಇದು ಸುಲಭವಾಗಿ ಹೊಳೆಯುವುದಿಲ್ಲ. ಯಾಕೆಂದರೆ ನಮ್ಮ ಭಾಷೆ ಆ ಕೆಲಸವನ್ನು ಬೇರೆ ಥರ ಮಾಡುತ್ತದೆ.

‘ನಾಯಿ ಮನುಷ್ಯನನ್ನು ಕಚ್ಚಿತು.’ ಇದನ್ನೇ ‘ಮನುಷ್ಯನನ್ನು ನಾಯಿ ಕಚ್ಚಿತು’ ಅನ್ನಬಹುದು. ಮಾತಿನ ಭರದಲ್ಲಿ ‘ಕಚ್ಚಿತು ನಾಯಿ, ಮನುಷ್ಯನನ್ನು’ ಅಂತಲೂ ಅನ್ನಬಹುದು. ಒತ್ತು ಬದಲಾಗುತ್ತದೆ, ಆದರೆ ಕಚ್ಚಿದ್ದು ನಾಯಿಯೇ. ‘ಅನ್ನು’ ಅನ್ನುವ ಪ್ರತ್ಯಯ ಮನುಷ್ಯನಿಗೆ ಅಂಟಿಕೊಂಡಿದೆ. ಅವನು ಎಲ್ಲಿ ಹೋಗಿ ಕೂತರೂ ಕಚ್ಚಿಸಿಕೊಂಡವನು ಅವನೇ ಅಂತ ಅದು ಹೇಳುತ್ತದೆ. ಇಂಗ್ಲಿಷಿನಲ್ಲಿ ‘ದಿ ಡಾಗ್ ಬಿಟ್ ದಿ ಮ್ಯಾನ್’ ಅನ್ನುವುದನ್ನು ತಿರುಗಿಸಿ ‘ದಿ ಮ್ಯಾನ್ ಬಿಟ್ ದಿ ಡಾಗ್’ ಅಂದರೆ ಕಥೆಯೇ ತಲೆಕೆಳಗು. ಪದಗಳು ಅವೇ. ಯಾವುದಕ್ಕೂ ಪ್ರತ್ಯಯ ಇಲ್ಲ. ಯಾರು ಕಚ್ಚಿದರು ಅಂತ ಹೇಳುವುದು ಜಾಗ ಮಾತ್ರ.

ಇಂಗ್ಲಿಷ್ ಯಾವಾಗಲೂ ಹೀಗಿರಲಿಲ್ಲ ಅಂತ ಗೊತ್ತಾದಾಗ ನನಗೆ ತುಂಬಾ ಆಶ್ಚರ್ಯವಾಗಿತ್ತು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ವಿಭಕ್ತಿಗಳಿದ್ದವು. ‘ಸೆ ಹುಂಡ್ ಬಾಟ್ ಥೋನೆ ಮನ್’ ಅಂದರೆ ನಾಯಿ ಮನುಷ್ಯನನ್ನು ಕಚ್ಚಿತು. ಇದರಲ್ಲಿ ‘ಸೆ’ ಮತ್ತು ‘ಥೋನೆ’ ಎರಡೂ ಇಂದಿನ ‘ದಿ’ ಮಾಡುವ ಕೆಲಸವನ್ನು ಮಾಡುತ್ತಿದ್ದ ಪದಗಳು. ಆದರೆ ‘ಸೆ’ ಬಂದರೆ ಕೆಲಸ ಮಾಡಿದವನು, ‘ಥೋನೆ’ ಬಂದರೆ ಮಾಡಿಸಿಕೊಂಡವನು. ಹಾಗಾಗಿ ‘ಥೋನೆ ಮನ್ ಬಾಟ್ ಸೆ ಹುಂಡ್’ ಅಂದರೂ ಕಚ್ಚಿದ್ದು ನಾಯಿಯೇ. ನಮ್ಮ ಕನ್ನಡದ ಹಾಗೇ, ಅಲ್ವಾ?

ಆಮೇಲೆ ಪದಗಳ ಕೊನೆಗೆ ಅಂಟಿದ್ದ ವಿಭಕ್ತಿಯ ತುದಿಗಳು ಸವೆದವು. ಇಂಗ್ಲಿಷಿನಲ್ಲಿ ಒತ್ತು ಸಾಮಾನ್ಯವಾಗಿ ಪದದ ಆರಂಭದ ಮೇಲೆ ಬೀಳುತ್ತಿತ್ತು. ಕೊನೆಯ ಸ್ವರಗಳು ಮೆತ್ತಗಾಗಿ, ಒಂದಕ್ಕೊಂದು ಬೆರೆತು, ಕೊನೆಗೆ ಉದುರಿಹೋದವು. ಉತ್ತರದಿಂದ ಬಂದು ನೆಲೆಸಿದ ನಾರ್ಸ್ ಭಾಷೆಯ ಜನರೊಂದಿಗಿನ ಬೆರಕೆಯೂ ಇದಕ್ಕೆ ವೇಗ ಕೊಟ್ಟಿತು ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತದ ಬರವಣಿಗೆ ಲ್ಯಾಟಿನ್ ಮತ್ತು ಫ್ರೆಂಚ್ ಕಡೆ ವಾಲಿತು. ಇಂಗ್ಲಿಷನ್ನು ಹಳೆಯ ರೂಪದಲ್ಲಿ ಹಿಡಿದಿಡುವವರು ಕಡಿಮೆಯಾದರು. ಪ್ರತ್ಯಯ ಹೋದ ಮೇಲೆ ಯಾರು ಯಾರಿಗೆ ಏನು ಮಾಡಿದರು ಅಂತ ಹೇಳಲು ಏನಾದರೂ ಬೇಕಲ್ಲ. ಆ ಹೊರೆ ಜಾಗದ ಮೇಲೆ ಬಿತ್ತು. ಕರ್ತೃ ಮೊದಲು, ಕ್ರಿಯಾಪದ ಆಮೇಲೆ, ಕರ್ಮ ಕೊನೆಗೆ. ‘ಹಿ’ ಮತ್ತು ‘ಹಿಮ್’, ‘ಹೂ’ ಮತ್ತು ‘ಹೂಮ್’ ಅನ್ನುವ ಜೋಡಿಗಳು ಆ ಹಳೆಯ ವಿಭಕ್ತಿಯ ಉಳಿಕೆ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ನಾವು ‘ನನಗೆ ಇಷ್ಟ’ ಅನ್ನುತ್ತೇವೆ, ‘ನನಗೆ ಅನಿಸುತ್ತದೆ’ ಅನ್ನುತ್ತೇವೆ. ಇಷ್ಟವಾಗುವುದು ನಾವು ಮಾಡುವ ಕೆಲಸವಲ್ಲ, ನಮಗೆ ಆಗುವ ಸಂಗತಿ ಅನ್ನುವ ಹಾಗೆ. ಹಳೆಯ ಇಂಗ್ಲಿಷಿನಲ್ಲೂ ಹೀಗೇ ಇತ್ತು. ಇಂದಿನ ‘ಲೈಕ್’ ಅನ್ನುವ ಕ್ರಿಯಾಪದದ ಹಳೆಯ ಅರ್ಥ ‘ಹಿಡಿಸು’. ರಾಜನಿಗೆ ಅದು ಹಿಡಿಸಿತು ಅಂತಲೇ ಬರೆಯುತ್ತಿದ್ದರು. ‘ಮಿಥಿಂಕ್ಸ್’ ಅನ್ನುವ ಹಳೆಯ ಪದದಲ್ಲಿ ಇರುವ ‘ಮಿ’ ಕೂಡ ‘ನನಗೆ’ ಅನ್ನುವುದೇ. ಆದರೆ ವಾಕ್ಯದ ಮೊದಲ ಜಾಗ ಕರ್ತೃವಿನದು ಅಂತ ಗಟ್ಟಿಯಾದ ಮೇಲೆ, ಅಲ್ಲಿ ಕೂತ ‘ನನಗೆ’ ನಿಧಾನವಾಗಿ ‘ನಾನು’ ಆಯಿತು. ‘ಐ ಲೈಕ್’ ಹುಟ್ಟಿದ್ದು ಹಾಗೆ. ಜಾಗಕ್ಕೆ ಅಷ್ಟು ಬಲ ಇದೆ.

ಆ ಜಾಗವನ್ನು ಖಾಲಿ ಬಿಡುವ ಹಾಗೂ ಇಲ್ಲ. ನಾವು ‘ಬಂದೆ’ ಅಂದರೆ ಅದೇ ಪೂರ್ತಿ ವಾಕ್ಯ. ‘ನಾನು’ ಅದರೊಳಗೇ ಇದೆ. ‘ಕತ್ತಲಾಯಿತು’, ‘ತಡವಾಯಿತು’ ಅಂದರೆ ಯಾರು ಏನು ಅಂತ ಕೇಳುವವರಿಲ್ಲ. ಇಂಗ್ಲಿಷಿನಲ್ಲಿ ಹೇಳಲು ಯಾರೂ ಇಲ್ಲದಿದ್ದರೂ ಒಂದು ‘ಇಟ್’ ತಂದು ಕೂರಿಸಬೇಕು. ‘ಇಟ್ ಗಾಟ್ ಡಾರ್ಕ್.’ ಕನ್ನಡಿಗರು ಇಂಗ್ಲಿಷಿನಲ್ಲಿ ಅವಸರದಲ್ಲಿ ಬರೆಯುವಾಗ ಈ ‘ಇಟ್’ ಬಿಟ್ಟುಹೋಗುವುದು ಇದಕ್ಕೇ. ಅದು ಅಜ್ಞಾನವಲ್ಲ. ಒಂದು ಭಾಷೆಯ ಅಭ್ಯಾಸ ಇನ್ನೊಂದರೊಳಗೆ ಇಣುಕುವುದು, ಅಷ್ಟೇ.

ಮೇಡಂ ಹೇಳಿಕೊಟ್ಟ ಎರಡನೆಯ ಪಾಠ ಇದಕ್ಕಿಂತ ದೊಡ್ಡದು. ನಾನು ಬರೆದ ಹಾಳೆಯಲ್ಲಿ ಪ್ರತಿ ವಾಕ್ಯದ ಕರ್ತೃವಿಗೆ ಒಂದು ಸುತ್ತು, ಕ್ರಿಯಾಪದಕ್ಕೆ ಒಂದು ಸುತ್ತು ಹಾಕಲು ಹೇಳಿದರು. ಎರಡರ ನಡುವೆ ಎಷ್ಟು ಪದ ಇವೆ ಅಂತ ಎಣಿಸಲು ಹೇಳಿದರು. ಒಂದು ವಾಕ್ಯದಲ್ಲಿ ಹತ್ತೊಂಬತ್ತು ಇದ್ದವು.

ಇದು ಯಾಕೆ ತೊಂದರೆ ಅಂತ ಮೊದಲು ನನಗೆ ತಿಳಿಯಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರುವುದು. ಅಲ್ಲಿಯವರೆಗೆ ಕಾಯುವುದು ನಮಗೆ ಸಹಜ. ಒಂದು ಉದಾಹರಣೆ ನೋಡಿ. ‘ನಿರ್ದೇಶಕರು ನೇಮಿಸಿದ ಸಮಿತಿ ಬರೆದ ವರದಿ ಕಳೆದುಹೋಯಿತು.’ ಕನ್ನಡದಲ್ಲಿ ಇದು ನೀರು ಕುಡಿದಷ್ಟು ಸುಲಭ. ನೇಮಿಸಿದ ಸಮಿತಿ, ಬರೆದ ವರದಿ. ಒಂದೊಂದು ಗಂಟು ಅಲ್ಲಲ್ಲೇ ಬಿಚ್ಚಿಕೊಳ್ಳುತ್ತದೆ. ಇದೇ ಕ್ರಮವನ್ನು ಇಂಗ್ಲಿಷಿನಲ್ಲಿ ಒಂದರೊಳಗೊಂದು ಇಟ್ಟರೆ ಹೀಗಾಗುತ್ತದೆ: ‘ದಿ ರಿಪೋರ್ಟ್ ದಟ್ ದಿ ಕಮಿಟಿ ದಟ್ ದಿ ಡೈರೆಕ್ಟರ್ ಅಪಾಯಿಂಟೆಡ್ ರೋಟ್ ವಾಸ್ ಲಾಸ್ಟ್.’ ವ್ಯಾಕರಣದ ಲೆಕ್ಕದಲ್ಲಿ ಇದು ಸರಿ. ಆದರೆ ಓದಿದರೆ ತಲೆ ಸುತ್ತುತ್ತದೆ. ಮೂರು ಕರ್ತೃಗಳು ಮೊದಲೇ ಬಂದು ಸಾಲಾಗಿ ನಿಂತಿವೆ. ಮೂರು ಕ್ರಿಯಾಪದಗಳು ಕೊನೆಗೆ ಒಟ್ಟಿಗೆ ನುಗ್ಗುತ್ತವೆ. ಯಾರು ಯಾರ ಜೊತೆ ಅಂತ ಓದುಗರೇ ಜೋಡಿಸಿಕೊಳ್ಳಬೇಕು. 1963ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಮತ್ತು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಇಂಥ ವಾಕ್ಯಗಳ ಬಗ್ಗೆಯೇ ಬರೆದರು. ನಿಯಮಕ್ಕೆ ಸರಿಹೊಂದುವ ವಾಕ್ಯವೂ ನೆನಪಿನ ಮಿತಿಯಿಂದಾಗಿ ಓದುಗರ ಕೈಗೆ ಸಿಗದೆ ಹೋಗಬಹುದು ಅನ್ನುವುದು ಅವರು ತೋರಿಸಿದ ಸಂಗತಿ.

ಬಿಡಿಸುವುದು ಕಷ್ಟವಲ್ಲ. ‘ದಿ ಡೈರೆಕ್ಟರ್ ಅಪಾಯಿಂಟೆಡ್ ಎ ಕಮಿಟಿ. ಇಟ್ ರೋಟ್ ಎ ರಿಪೋರ್ಟ್. ದಿ ರಿಪೋರ್ಟ್ ವಾಸ್ ಲಾಸ್ಟ್.’ ತೀರಾ ತುಂಡು ತುಂಡಾಯಿತು ಅನಿಸಿದರೆ ಎರಡನ್ನು ಸೇರಿಸಬಹುದು. ಇಂಗ್ಲಿಷ್ ವಾಕ್ಯಕ್ಕೆ ಬಲಗಡೆ ಬೆಳೆಯುವುದು ಸಲೀಸು. ಕರ್ತೃ ಬೇಗ ಬರಲಿ, ಕ್ರಿಯಾಪದ ಅದರ ಬೆನ್ನಿಗೇ ಬರಲಿ. ಆಮೇಲೆ ಎಷ್ಟು ಉದ್ದ ಎಳೆದರೂ ಓದುಗರು ತಾಳಿಕೊಳ್ಳುತ್ತಾರೆ. ವಾಕ್ಯ ಚಿಕ್ಕದಾಗಿದ್ದರೆ ಸ್ಪಷ್ಟ, ಉದ್ದವಿದ್ದರೆ ಗೊಂದಲ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕರ್ತೃ ಮತ್ತು ಕ್ರಿಯಾಪದ ಕೈ ಹಿಡಿದುಕೊಂಡಿರುವ ನಲವತ್ತು ಪದಗಳ ವಾಕ್ಯ ಹಾಯಾಗಿ ಓದಿಸಿಕೊಳ್ಳುತ್ತದೆ. ಅವೆರಡೂ ದೂರ ದೂರ ಇರುವ ಹದಿನೈದು ಪದಗಳ ವಾಕ್ಯ ಸುಸ್ತು ಮಾಡುತ್ತದೆ.

ಕ್ರಿಯಾಪದದ ವಿಷಯ ಬಂತು. ನಾವು ಕನ್ನಡದಲ್ಲಿ ಹೆಸರುಪದಕ್ಕೆ ‘ಮಾಡು’ ಸೇರಿಸಿ ಕ್ರಿಯೆ ಮಾಡಿಕೊಳ್ಳುತ್ತೇವೆ. ಚರ್ಚೆ ಮಾಡು, ತನಿಖೆ ಮಾಡು, ತೀರ್ಮಾನ ಮಾಡು. ಇದು ನಮ್ಮ ಭಾಷೆಯ ಸಹಜ ದಾರಿ. ಆದ್ದರಿಂದ ಇಂಗ್ಲಿಷಿನಲ್ಲೂ ‘ವಿ ಕಂಡಕ್ಟೆಡ್ ಆನ್ ಇನ್ವೆಸ್ಟಿಗೇಷನ್’, ‘ದೆ ಮೇಡ್ ಎ ಡಿಸಿಷನ್’ ಅಂತ ಬರೆದರೆ ನಮ್ಮ ಕಿವಿಗೆ ಏನೂ ಅನಿಸುವುದಿಲ್ಲ. ಆದರೆ ಅಲ್ಲಿ ‘ಇನ್ವೆಸ್ಟಿಗೇಟ್’, ‘ಡಿಸೈಡ್’ ಅನ್ನುವ ಜೀವಂತ ಕ್ರಿಯಾಪದಗಳಿವೆ. ಅವನ್ನು ಹೆಸರುಪದವಾಗಿ ಮಲಗಿಸಿ, ಕ್ರಿಯಾಪದದ ಜಾಗದಲ್ಲಿ ‘ಕಂಡಕ್ಟ್’, ‘ಮೇಕ್’ ಅನ್ನುವ ಸಪ್ಪೆ ಪದ ಕೂರಿಸಿದ ಹಾಗಾಗುತ್ತದೆ. ಒಂದೆರಡು ಕಡೆಯಾದರೆ ಪರವಾಗಿಲ್ಲ. ಇಡೀ ಪುಟ ಹೀಗಾದರೆ ಯಾರು ಏನು ಮಾಡಿದರು ಅನ್ನುವುದೇ ಮರೆಯಾಗುತ್ತದೆ. ‘ಇಂಪ್ಲಿಮೆಂಟೇಷನ್ ಆಫ್ ದಿ ಪಾಲಿಸಿ’ ಅಂದಾಗ ಜಾರಿಗೆ ತಂದವರು ಯಾರು? ಹೇಳಬೇಕಾಗಿಯೇ ಇಲ್ಲ. ಈ ಹೆಸರುಪದಗಳ ಅಪಾಯ ಅದು. ಬರೆಯುವವರು ಯೋಚನೆ ಪೂರ್ತಿ ಮಾಡದೆಯೂ ವಾಕ್ಯ ಪೂರ್ತಿ ಮಾಡಬಹುದು.

ಈಗ ನಾನು ತುಂಬಾ ಹೊತ್ತು ತಲೆ ಕೆಡಿಸಿಕೊಂಡ ವಿಷಯಕ್ಕೆ ಬರುತ್ತೇನೆ. ಕರ್ಮಣಿ ಪ್ರಯೋಗ, ಅಂದರೆ ಇಂಗ್ಲಿಷಿನ ಪ್ಯಾಸಿವ್ ವಾಯ್ಸ್. ಬರವಣಿಗೆ ಕಲಿಸುವವರು ಬಹಳ ಮಂದಿ ಅದನ್ನು ಬಳಸಲೇಬೇಡಿ ಅನ್ನುತ್ತಾರೆ. ಕಂಪ್ಯೂಟರ್ ಕೂಡ ಕೆಳಗೆ ಗೆರೆ ಎಳೆದು ತೋರಿಸುತ್ತದೆ. ನಾನೂ ಕೆಲವು ವರ್ಷ ಕಂಡಲ್ಲೆಲ್ಲ ಅದನ್ನು ಕಿತ್ತುಹಾಕಿದೆ. ನನ್ನ ಬರಹ ಚುರುಕಾಯಿತು, ನಿಜ. ಆದರೆ ಯಾಕೋ ಒಂದು ವಾಕ್ಯದಿಂದ ಇನ್ನೊಂದಕ್ಕೆ ಹೋಗುವಾಗ ಎಡವಿದ ಹಾಗಾಗುತ್ತಿತ್ತು.

ಕಾರಣ ತಿಳಿದದ್ದು ಆಮೇಲೆ. ನಾವು ಮಾತಾಡುವಾಗ ಗೊತ್ತಿರುವುದರಿಂದ ಹೊರಟು ಹೊಸದರ ಕಡೆ ಹೋಗುತ್ತೇವೆ. ಒಂದು ಸೇತುವೆಯ ಬಗ್ಗೆ ಮಾತಾಡುತ್ತಿದ್ದೇವೆ ಅಂತಿಟ್ಟುಕೊಳ್ಳಿ. ‘ಆ ಸೇತುವೆಯನ್ನು ಮೂವರು ಎಂಜಿನಿಯರುಗಳು ಕಟ್ಟಿದರು’ ಅನ್ನುತ್ತೇವೆ. ಸೇತುವೆ ಗೊತ್ತಿರುವ ಸಂಗತಿ, ಆದ್ದರಿಂದ ಮೊದಲು ಬಂತು. ಎಂಜಿನಿಯರುಗಳು ಹೊಸ ಸಂಗತಿ, ಆದ್ದರಿಂದ ಕ್ರಿಯಾಪದಕ್ಕೆ ಅಂಟಿಕೊಂಡ ಹಾಗೆ ಅದರ ಮುಂಚಿನ ಜಾಗಕ್ಕೆ ಬಂತು. ಕನ್ನಡದಲ್ಲಿ ಒತ್ತು ಬೀಳುವುದು ಅಲ್ಲೇ. ‘ಅನ್ನು’ ಇರುವುದರಿಂದ ಕರ್ಮವನ್ನು ಮುಂದೆ ತರಲು ನಮಗೆ ಯಾವ ಅಡ್ಡಿಯೂ ಇಲ್ಲ. ಇಂಗ್ಲಿಷಿನಲ್ಲಿ ಒತ್ತು ಬೀಳುವುದು ವಾಕ್ಯದ ತುದಿಯಲ್ಲಿ. ಸೇತುವೆಯನ್ನು ಮುಂದೆ ತಂದು ಎಂಜಿನಿಯರುಗಳನ್ನು ತುದಿಗೆ ಇಡಬೇಕು. ಆದರೆ ವಾಕ್ಯದ ಮೊದಲ ಜಾಗ ಕರ್ತೃವಿನದು. ಸೇತುವೆಯನ್ನು ಅಲ್ಲಿ ಕೂರಿಸಬೇಕಾದರೆ ಅದನ್ನೇ ಕರ್ತೃ ಮಾಡಬೇಕು. ‘ದಿ ಬ್ರಿಜ್ ವಾಸ್ ಬಿಲ್ಟ್ ಬೈ ತ್ರೀ ಎಂಜಿನಿಯರ್ಸ್.’ ಕರ್ಮಣಿ ಪ್ರಯೋಗ ಇರುವುದೇ ಇದಕ್ಕೆ!

ಪ್ರಾಗ್ ನಗರದ ಭಾಷಾವಿಜ್ಞಾನಿ ವಿಲೆಮ್ ಮಾಥೆಸಿಯಸ್ ಇದನ್ನು ಸುಮಾರು ನೂರು ವರ್ಷದ ಹಿಂದೆಯೇ ಗಮನಿಸಿದ್ದರು. 1926ರಲ್ಲಿ ಪ್ರಾಗ್ ಭಾಷಾವಿಜ್ಞಾನ ಬಳಗವನ್ನು ಶುರು ಮಾಡಿದವರು ಅವರು. ಅವರ ತಾಯಿನುಡಿ ಚೆಕ್. ಅದಕ್ಕೂ ನಮ್ಮ ಹಾಗೆ ವಿಭಕ್ತಿಗಳಿವೆ, ಪದಗಳನ್ನು ಹಿಂದೆ ಮುಂದೆ ಮಾಡಬಹುದು. ಚೆಕ್ ಭಾಷೆ ಪದಗಳನ್ನು ಸರಿಸಿ ಮಾಡುವ ಕೆಲಸಕ್ಕೆ ಇಂಗ್ಲಿಷ್ ಕರ್ಮಣಿ ಪ್ರಯೋಗವನ್ನು ಬಳಸುತ್ತದೆ ಅಂತ ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಇದನ್ನು ತಿಳಿದಾಗ ನನಗೆ ಆದ ಸಂತೋಷ ಹೇಳತೀರದು. ಪದಗಳನ್ನು ಮನಸ್ಸು ಬಂದ ಹಾಗೆ ಸರಿಸುವ ಭಾಷೆಯಿಂದ ಬಂದವರಿಗೆ ಇಂಗ್ಲಿಷಿನ ಈ ಗುಟ್ಟು ಬೇಗ ಕಾಣುತ್ತದೆ ಅನಿಸಿತು. ನಮ್ಮ ಕನ್ನಡ ಇಲ್ಲಿ ತೊಡಕಲ್ಲ, ಕನ್ನಡಕ.

ಹಾಗಂತ ಕರ್ಮಣಿ ಪ್ರಯೋಗವನ್ನು ಎಲ್ಲ ಕಡೆ ಸುರಿಯಬಾರದು. ‘ಮಿಸ್ಟೇಕ್ಸ್ ವರ್ ಮೇಡ್’ ಅನ್ನುವ ವಾಕ್ಯ ಯಾರನ್ನೋ ಮರೆಮಾಡಲು ಹುಟ್ಟಿದ್ದು. ಅದು ನನಗೆ ಸೇರುವುದಿಲ್ಲ. ನಾನು ಈಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಹಿಂದಿನ ವಾಕ್ಯ ಎಲ್ಲಿ ಮುಗಿಯಿತು? ಈ ವಾಕ್ಯ ಅಲ್ಲಿಂದ ಶುರುವಾಗಲು ಕರ್ಮಣಿ ಪ್ರಯೋಗ ಬೇಕಿದ್ದರೆ ಇಟ್ಟುಕೊಳ್ಳುತ್ತೇನೆ. ಬೇಡವಾದರೆ ತೆಗೆಯುತ್ತೇನೆ.

ಜಾಗ ತಪ್ಪಿದ ಪದಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ‘ವಾಕಿಂಗ್ ಡೌನ್ ದಿ ರೋಡ್, ದಿ ರೇನ್ ಸ್ಟಾರ್ಟೆಡ್.’ ಇದರಲ್ಲಿ ರಸ್ತೆಯಲ್ಲಿ ನಡೆದದ್ದು ಮಳೆ! ಇಂಥ ವಾಕ್ಯವನ್ನು ನಾವು ಯಾಕೆ ಬರೆಯುತ್ತೇವೆ? ಕನ್ನಡದಲ್ಲಿ ‘ರಸ್ತೆಯಲ್ಲಿ ನಡೆಯುತ್ತಿದ್ದಾಗ ಮಳೆ ಬಂತು’ ಅನ್ನುತ್ತೇವೆ, ಅದು ಸರಿಯಾಗಿಯೇ ಇದೆ. ‘ಆಗ’ ಅನ್ನುವುದು ಎರಡು ಬೇರೆ ಬೇರೆ ಕರ್ತೃಗಳನ್ನು ಸಲೀಸಾಗಿ ಸೇರಿಸುತ್ತದೆ. ಆದರೆ ‘ರಸ್ತೆಯಲ್ಲಿ ನಡೆಯುತ್ತಾ ಮಳೆ ಬಂತು’ ಅಂದು ನೋಡಿ. ಕಿವಿಗೆ ತಟ್ಟನೆ ಚುಚ್ಚುತ್ತದೆ, ಅಲ್ವಾ? ‘ಉತ್ತಾ’ ಬಂದರೆ ಎರಡೂ ಕೆಲಸವನ್ನು ಒಬ್ಬರೇ ಮಾಡಬೇಕು. ಇಂಗ್ಲಿಷಿನ ಆ ‘ವಾಕಿಂಗ್’ ನಮ್ಮ ‘ನಡೆಯುತ್ತಾ’ ಇದ್ದ ಹಾಗೆ, ‘ನಡೆಯುತ್ತಿದ್ದಾಗ’ ಇದ್ದ ಹಾಗಲ್ಲ. ಈ ಒಂದು ಹೋಲಿಕೆ ಸಿಕ್ಕ ಮೇಲೆ ನಾನು ಆ ತಪ್ಪನ್ನು ಮತ್ತೆ ಮಾಡಿಲ್ಲ. ವಾಕ್ಯ ಅನುಮಾನ ಹುಟ್ಟಿಸಿದರೆ ಮನಸ್ಸಿನಲ್ಲೇ ‘ಉತ್ತಾ’ ಹಾಕಿ ಓದುತ್ತೇನೆ. ಚುಚ್ಚಿದರೆ ‘ವೈಲ್ ಐ ವಾಸ್ ವಾಕಿಂಗ್’ ಅಂತ ಬಿಡಿಸಿ ಬರೆಯುತ್ತೇನೆ.

‘ಓನ್ಲಿ’ ಕೂಡ ಹಾಗೇ. ‘ನಾನು ಮಾತ್ರ ನಿನ್ನೆ ಪತ್ರ ನೋಡಿದೆ’, ‘ನಾನು ನಿನ್ನೆ ಮಾತ್ರ ಪತ್ರ ನೋಡಿದೆ’, ‘ನಾನು ನಿನ್ನೆ ಪತ್ರ ಮಾತ್ರ ನೋಡಿದೆ’. ಮೂರೂ ಬೇರೆ ಮಾತು. ನಮ್ಮ ‘ಮಾತ್ರ’ ತನ್ನ ಪದದ ಹಿಂದೆಯೇ ಅಂಟಿಕೊಂಡು ಬರುತ್ತದೆ. ಇಂಗ್ಲಿಷಿನ ‘ಓನ್ಲಿ’ ಮಾತಿನಲ್ಲಿ ಕ್ರಿಯಾಪದದ ಮುಂದೆ ಹೋಗಿ ನಿಂತುಬಿಡುತ್ತದೆ. ಧ್ವನಿಯ ಏರಿಳಿತ ಅರ್ಥವನ್ನು ಕಾಪಾಡುತ್ತದೆ. ಬರವಣಿಗೆಗೆ ಧ್ವನಿ ಇಲ್ಲ. ಹಾಗಾಗಿ ಸೂಚನೆ, ಒಪ್ಪಂದ, ನಿಯಮ ಇಂಥವನ್ನು ಬರೆಯುವಾಗ ‘ಓನ್ಲಿ’ಯನ್ನು ಅದು ಸೇರಬೇಕಾದ ಪದದ ಮುಂದೆಯೇ ಇಡುತ್ತೇನೆ. ಸ್ನೇಹಿತರಿಗೆ ಬರೆಯುವಾಗ ಅಷ್ಟು ಬಿಗಿ ಬೇಕಿಲ್ಲ.

ಕೆಲವು ಸಲ ಚಿಕ್ಕ ಪದವೊಂದನ್ನು ಬಿಟ್ಟರೂ ಓದುಗರು ದಾರಿ ತಪ್ಪುತ್ತಾರೆ. ಮನೋಭಾಷಾವಿಜ್ಞಾನಿ ಥಾಮಸ್ ಬೆವರ್ 1970ರಲ್ಲಿ ಕೊಟ್ಟ ಒಂದು ವಾಕ್ಯ ಈಗ ಬಹಳ ಪ್ರಸಿದ್ಧ. ‘ದಿ ಹಾರ್ಸ್ ರೇಸ್ಡ್ ಪಾಸ್ಟ್ ದಿ ಬಾರ್ನ್ ಫೆಲ್.’ ಕುದುರೆ ಓಡಿತು ಅಂತ ಓದಿಕೊಂಡು ಹೋಗುತ್ತೇವೆ. ಕೊನೆಗೆ ‘ಫೆಲ್’ ಬಂದು ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ನಿಜವಾದ ಅರ್ಥ, ಕೊಟ್ಟಿಗೆ ದಾಟಿ ಓಡಿಸಿದ ಕುದುರೆ ಬಿತ್ತು ಅಂತ. ಕನ್ನಡದಲ್ಲಿ ‘ಓಡಿತು’ ಬೇರೆ, ‘ಓಡಿಸಿದ’ ಬೇರೆ. ಗೊಂದಲಕ್ಕೆ ಎಡೆಯೇ ಇಲ್ಲ. ಇಂಗ್ಲಿಷಿನ ‘ರೇಸ್ಡ್’ ಎರಡಕ್ಕೂ ಒಂದೇ. ‘ದಟ್ ವಾಸ್’ ಅನ್ನುವ ಎರಡು ಪದ ಸೇರಿಸಿದ್ದರೆ ಯಾರೂ ಎಡವುತ್ತಿರಲಿಲ್ಲ. ಪದ ಉಳಿಸುವುದೇ ಸ್ಪಷ್ಟತೆ ಅಂತ ನಂಬಿದವರಿಗೆ ನಾನು ಇದನ್ನು ತೋರಿಸುತ್ತೇನೆ. ಕೆಲವು ಚಿಕ್ಕ ಪದಗಳು ದಾರಿಯ ಪಕ್ಕದ ಕೈಮರದ ಹಾಗೆ. ಅವನ್ನು ಕಿತ್ತರೆ ರಸ್ತೆ ಕಿರಿದಾಗುವುದಿಲ್ಲ.

ಒಂದು ಅಲ್ಪವಿರಾಮ ಎಷ್ಟು ದುಬಾರಿಯಾಗಬಹುದು ಅನ್ನುವುದಕ್ಕೆ ಅಮೆರಿಕದ ಮೇನ್ ರಾಜ್ಯದ ಮೊಕದ್ದಮೆ ಇದೆ. ಅಲ್ಲಿನ ಕಾನೂನು ಕೆಲವು ಕೆಲಸಗಳಿಗೆ ಓವರ್‌ಟೈಮ್ ಹಣ ಕೊಡಬೇಕಿಲ್ಲ ಅಂತ ಹೇಳಿ, ಆ ಕೆಲಸಗಳನ್ನು ಪಟ್ಟಿ ಮಾಡಿತ್ತು. ಆಹಾರ ಪದಾರ್ಥಗಳ ‘ಕ್ಯಾನಿಂಗ್, ಪ್ರೊಸೆಸಿಂಗ್, ಪ್ರಿಸರ್ವಿಂಗ್...’ ಹೀಗೆ ಸಾಗಿ, ಕೊನೆಗೆ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಅಂತ ಇತ್ತು. ‘ಶಿಪ್‌ಮೆಂಟ್’ ಆದ ಮೇಲೆ ಅಲ್ಪವಿರಾಮ ಇರಲಿಲ್ಲ. ಹಾಲಿನ ಕಂಪನಿಯೊಂದರ ಟ್ರಕ್ ಚಾಲಕರು ಇದನ್ನು ಹಿಡಿದರು. ಪ್ಯಾಕ್ ಮಾಡುವುದು ಮಾತ್ರ ಪಟ್ಟಿಯಲ್ಲಿದೆ, ಅದು ಸಾಗಿಸಲಾದರೂ ಇರಲಿ, ಹಂಚಲಾದರೂ ಇರಲಿ. ನಾವು ಹಂಚುವವರು, ಪ್ಯಾಕ್ ಮಾಡುವವರಲ್ಲ. ನಮಗೆ ಓವರ್‌ಟೈಮ್ ಬರಬೇಕು ಅಂದರು. 2017ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅವರ ಕಡೆ ತೀರ್ಪು ಕೊಟ್ಟಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಸುದ್ದಿಯಲ್ಲಿ ಎಲ್ಲರೂ ಅಲ್ಪವಿರಾಮದ ಬಗ್ಗೆಯೇ ಮಾತಾಡಿದರು. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಪಟ್ಟಿಯಲ್ಲಿ ಇದ್ದ ಕೆಲಸಗಳೆಲ್ಲ ‘ಇಂಗ್’ನಲ್ಲಿ ಮುಗಿಯುತ್ತಿದ್ದವು. ‘ಶಿಪ್‌ಮೆಂಟ್’ ಮತ್ತು ‘ಡಿಸ್ಟ್ರಿಬ್ಯೂಷನ್’ ಮಾತ್ರ ಬೇರೆ ರೂಪದಲ್ಲಿದ್ದವು. ರೂಪ ಒಂದೇ ಆದವು ಒಂದು ಸಾಲು. ಹಾಗಾಗಿ ಇವೆರಡೂ ಜೋಡಿ, ಉಳಿದವು ಬೇರೆ ಗುಂಪು ಅಂತ ಚಾಲಕರು ವಾದಿಸಿದ್ದರು. ಆಮೇಲೆ ಆ ಕಾನೂನನ್ನು ತಿದ್ದಿದಾಗ ಪಟ್ಟಿಗೆ ಅರ್ಧವಿರಾಮಗಳನ್ನು ಹಾಕಿದರು. ಜೊತೆಗೆ ‘ಡಿಸ್ಟ್ರಿಬ್ಯೂಷನ್’ ಅನ್ನು ‘ಡಿಸ್ಟ್ರಿಬ್ಯೂಟಿಂಗ್’ ಮಾಡಿದರು. ಪಟ್ಟಿ ಬರೆಯುವಾಗ ಎಲ್ಲ ಅಂಶಗಳಿಗೂ ಒಂದೇ ಅಚ್ಚು ಇರಲಿ ಅಂತ ಶಾಲೆಯಲ್ಲಿ ಹೇಳುತ್ತಿದ್ದರು. ಅದು ಅಂದಕ್ಕೆ ಅಂದುಕೊಂಡಿದ್ದೆ.

ನಿಯಮ ಅಂತ ಕರೆಯುವ ಎಲ್ಲವೂ ಇಷ್ಟು ತೂಕದ್ದಲ್ಲ. ವಾಕ್ಯವನ್ನು ‘ವಿತ್’, ‘ಫ್ರಮ್’ ಇಂಥ ಪದಗಳಿಂದ ಮುಗಿಸಬಾರದು ಅನ್ನುವುದನ್ನೇ ನೋಡಿ. 1672ರಲ್ಲಿ ಕವಿ ಜಾನ್ ಡ್ರೈಡನ್ ತನಗಿಂತ ಹಿಂದಿನ ಬೆನ್ ಜಾನ್ಸನ್ ಬರೆದ ಸಾಲಿನಲ್ಲಿ ಇದನ್ನು ತಪ್ಪು ಅಂತ ಎತ್ತಿ ತೋರಿಸಿದ. ಲ್ಯಾಟಿನ್ ಭಾಷೆಯಲ್ಲಿ ಅಂಥ ಪದಗಳು ಸಾಮಾನ್ಯವಾಗಿ ಕೊನೆಗೆ ಬರುವುದಿಲ್ಲ. ಆದರೆ ಇಂಗ್ಲಿಷ್ ಲ್ಯಾಟಿನ್ ಅಲ್ಲವಲ್ಲ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಕೂಡ ಇದು ನಮ್ಮ ಭಾಷೆಯ ಸಹಜ ಒಲವು ಅಂತ ಒಪ್ಪಿ, ಗಂಭೀರ ಬರಹಕ್ಕೆ ಇನ್ನೊಂದು ಕ್ರಮ ಚೆಂದ ಅಂದಿದ್ದ, ಅಷ್ಟೇ. ಇಂಥ ನಿಯಮಗಳಿಗೆ ನಾನು ಈಗ ಹೆದರುವುದಿಲ್ಲ. ಓದುಗರು ಎಡವುತ್ತಾರಾ ಅಂತ ನೋಡುತ್ತೇನೆ. ಎಡವದಿದ್ದರೆ ಮುಂದೆ ಹೋಗುತ್ತೇನೆ.

‘ಎ’ ಮತ್ತು ‘ದಿ’ ನನ್ನನ್ನು ಇನ್ನೂ ಕಾಡುತ್ತವೆ. ಕನ್ನಡದಲ್ಲಿ ಅವು ಇಲ್ಲ ಅನ್ನುತ್ತಾರೆ. ಆದರೆ ಕಥೆ ಹೇಳುವಾಗ ನಾವು ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಮಕ್ಕಳು’ ಅನ್ನುತ್ತೇವಲ್ಲ? ಮೊದಲ ಸಲ ‘ಒಬ್ಬ’, ಎರಡನೇ ಸಲ ‘ಆ’. ಇಂಗ್ಲಿಷಿನ ‘ಎ’ ಹುಟ್ಟಿದ್ದು ಒಂದು ಅನ್ನುವ ಪದದಿಂದಲೇ. ‘ದಿ’ ಹುಟ್ಟಿದ್ದು ಆ ಅನ್ನುವ ಪದದಿಂದ. ಇನ್ನೂ ಒಂದು ಕಡೆ ನಮಗೆ ಅದರ ನೆರಳು ಕಾಣುತ್ತದೆ. ‘ಪುಸ್ತಕ ಓದಿದೆ’ ಅಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ಓದಿದೆ’ ಅಂದರೆ ನಾವಿಬ್ಬರೂ ಬಲ್ಲ ಪುಸ್ತಕ ಅನ್ನುವ ಧ್ವನಿ ಬರುತ್ತದೆ. ಎಲ್ಲ ಕಡೆಯೂ ಈ ಅಳತೆ ಸರಿಹೋಗುವುದಿಲ್ಲ. ಆದರೂ ಅನುಮಾನ ಬಂದಾಗ ನಾನು ‘ಅನ್ನು’ ಹಾಕಿ ನೋಡುತ್ತೇನೆ. ಬಹಳ ಸಲ ಸಹಾಯವಾಗಿದೆ.

ಕನ್ನಡದಲ್ಲಿ ಇದ್ದು ಇಂಗ್ಲಿಷಿನಲ್ಲಿ ಇಲ್ಲದ್ದು ಅಂದರೆ ‘ತಾನು’. ‘ತಾನು ಗೆದ್ದಿರುವುದಾಗಿ ರವಿ ಗಿರಿಗೆ ಹೇಳಿದ’ ಅಂದರೆ ಗೆದ್ದವನು ರವಿ. ‘ಅವನು ಗೆದ್ದಿರುವುದಾಗಿ’ ಅಂದರೆ ಗಿರಿ, ಇಲ್ಲವೇ ಇನ್ಯಾರೋ. ಇಂಗ್ಲಿಷಿನಲ್ಲಿ ‘ರವಿ ಟೋಲ್ಡ್ ಗಿರಿ ದಟ್ ಹಿ ಹ್ಯಾಡ್ ವನ್’ ಅಂದರೆ ಗೆದ್ದವರು ಯಾರು? ಗೊತ್ತಿಲ್ಲ. ಜಾಗವೂ ಇಲ್ಲಿ ಕೈ ಕೊಡುತ್ತದೆ. ಮೊದಲೆಲ್ಲ ನಾನು ಒಂದೇ ಹೆಸರನ್ನು ಮತ್ತೆ ಮತ್ತೆ ಬರೆಯಲು ಹಿಂಜರಿಯುತ್ತಿದ್ದೆ. ಬರೆದದ್ದನ್ನೇ ಬರೆಯಬಾರದು ಅಂತ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರಲ್ಲ. ಹೋದ ವಾರ ಇಬ್ಬರು ಸಹೋದ್ಯೋಗಿಗಳ ನಡುವೆ ಕೆಲಸ ಹಂಚುವ ಟಿಪ್ಪಣಿ ಬರೆಯಬೇಕಾಯಿತು. ಆರು ಸಾಲು. ಅದರಲ್ಲಿ ‘ಹಿ’ ಒಂದೂ ಇರಲಿಲ್ಲ. ಒಬ್ಬರ ಹೆಸರು ನಾಲ್ಕು ಸಲ, ಇನ್ನೊಬ್ಬರ ಹೆಸರು ಮೂರು ಸಲ ಬಂದಿತ್ತು. ಕಳಿಸಿದ ಮೇಲೆ ಸಂಜೆಯವರೆಗೂ ಕಾದೆ. ಇದು ನನ್ನ ಕೆಲಸವಾ, ಅವರ ಕೆಲಸವಾ ಅಂತ ಇಬ್ಬರಲ್ಲಿ ಯಾರೂ ಫೋನ್ ಮಾಡಿ ಕೇಳಲಿಲ್ಲ.